ಸಣ್ಣ ಸದ್ದಿಗೂ ಎಚ್ಚರವಾಗುವವರು ಬೆಂಗಳೂರಿಗೆ ಪ್ರವಾಸ ಬಂದರೆ ಎಲ್ಲಿ ಉಳಿಯೋದು?

ಬಸ್ ಸ್ಟ್ಯಾಂಡ್ ಹತ್ತಿರ ಅಂತ ಮೆಜೆಸ್ಟಿಕ್, ಗಾಂಧಿನಗರದಲ್ಲಿ ರೂಮ್ ಮಾಡಬೇಡಿ, ರಾತ್ರಿಯಿಡೀ ಹಾರ್ನ್. ಚರ್ಚ್ ಸ್ಟ್ರೀಟ್, ಇಂದಿರಾನಗರದ 12ನೇ ಮೇನ್ ಕಡೆ ಪಬ್‌ಗಳ ಕಾಟ. ಬಸವನಗುಡಿ, ಜಯನಗರ, ಮಲ್ಲೇಶ್ವರದ ಒಳಗಿನ ಕ್ರಾಸ್‌ಗಳಲ್ಲಿ ಹುಡುಕಿ.

ಬುಕ್ ಮಾಡುವ ಮೊದಲು ಮ್ಯಾಪ್ ದೊಡ್ಡದು ಮಾಡಿ ನೋಡಿ. ಪಕ್ಕದಲ್ಲೇ ಕಲ್ಯಾಣ ಮಂಟಪ ಇದ್ದರೆ ಕೈಬಿಡಿ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಇದೆ ನಿಜ, ಆದರೆ ಬೆಳಗಿನ ಮುಹೂರ್ತ ಅಂದರೆ ಅಡುಗೆಯವರು ನಡುರಾತ್ರಿಯೇ ಕೊಪ್ಪರಿಗೆ ಎಳೆಯೋಕೆ ಶುರು ಮಾಡುತ್ತಾರೆ, ಅದನ್ನು ಯಾರು ಕೇಳುತ್ತಾರೆ?

ಆಮೇಲೆ ಹೋಟೆಲ್‌ಗೇ ಫೋನ್ ಮಾಡಿ. ಸುಮ್ನೆ 'ಶಾಂತವಾಗಿದೆಯಾ' ಅಂದರೆ ಎಲ್ಲರೂ 'ಹೂಂ ಸರ್' ಅಂತಾರೆ. ಜನರೇಟರ್ ಯಾವ ಕಡೆ ಇದೆ, ರೂಮ್ ಲಿಫ್ಟಿಗೆ ಅಂಟಿಕೊಂಡಿದೆಯಾ, ಕಿಟಕಿ ರಸ್ತೆಗೆ ತೆರೆಯುತ್ತಾ ಅಂತ ಬಿಡಿಸಿ ಕೇಳಿ. ಹಿಂಭಾಗದ, ಮೇಲಿನ ಮಹಡಿಯ ಕೋಣೆ ಒಳ್ಳೆಯದು, ಆದರೆ ಮೇಲೆ ರೂಫ್‌ಟಾಪ್ ಬಾರ್ ಇದ್ದರೆ ಎಲ್ಲಾ ದಂಡ. ಏಸಿ ಇದ್ದರೆ ಕಿಟಕಿ ಮುಚ್ಚಿ ಮಲಗಬಹುದು, ಸೊಳ್ಳೆಯೂ ಇಲ್ಲ.

ಬೀದಿನಾಯಿಗಳಿಗೆ ಮಾತ್ರ ಯಾವ ಏರಿಯಾದಲ್ಲೂ ಪರಿಹಾರ ಇಲ್ಲ, ಫೋಮ್ ಇಯರ್‌ಪ್ಲಗ್ ತನ್ನಿ. ಬೆರಳಲ್ಲಿ ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೆ ಎಳೆದು ಒಳಗಿಟ್ಟು, ಉಬ್ಬುವ ತನಕ ಒತ್ತಿ ಹಿಡಿಯಿರಿ.