ಆಯಿಲ್ ಚೇಂಜಿಗೆ ಯಾವ ಗ್ಯಾರೇಜು? ಸಿರುಗುಪ್ಪದ ತಮ್ಮನಿಗೆ ಬಳ್ಳಾರಿ ಅಕ್ಕನ ಉತ್ತರ

ತಮ್ಮಾ,

ಊರಿಂದ ತಂದ ಉಪ್ಪಿನಕಾಯಿ ಡಬ್ಬಿ ಇನ್ನೂ ಖಾಲಿ ಆಗಿರಲಿಕ್ಕಿಲ್ಲ, ಅಷ್ಟರಲ್ಲೇ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಗ್ಯಾರೇಜಿನವರ ಕೈಗೆ ಸಿಕ್ಕಿದ್ದೀಯ. ನೀನು ಬರೆದದ್ದು ಇಷ್ಟು: 2022ರ ಟೊಯೋಟಾ ಕರೋಲಾ ಸೆಕೆಂಡ್ ಹ್ಯಾಂಡ್ ತಗೊಂಡೆ. 19.99 ಡಾಲರಿಗೆ ಆಯಿಲ್ ಚೇಂಜ್ ಅನ್ನೋ ಬೋರ್ಡ್ ನೋಡಿ ಒಳಗೆ ಹೋದೆ. ಏರ್ ಫಿಲ್ಟರ್, ಇಂಜೆಕ್ಟರ್ ಕ್ಲೀನಿಂಗ್, ಟ್ರಾನ್ಸ್‌ಮಿಷನ್ ಫ್ಲಶ್ ಎಲ್ಲ ಸೇರಿಸಿ ನಾನೂರು ಡಾಲರಿನ ಲೆಕ್ಕ ಮುಂದಿಟ್ಟರು. "ಆಮೇಲೆ ಬರ್ತೀನಿ" ಅಂತ ಕೀ ಇಸ್ಕೊಂಡು ಬಂದುಬಿಟ್ಟೆ. ಈಗ ನಿನ್ನ ಪ್ರಶ್ನೆ, "ಅಕ್ಕಾ, ಕಡಿಮೆ ದುಡ್ಡಿಗೆ ನಿಯತ್ತಿಂದ ಮಾಡೋರು ಇಲ್ಲಿ ಯಾರದಾರ? ಶೋರೂಮಿಗೆ ಹೋಗದಿದ್ರೆ ವಾರಂಟಿ ಹೋಗ್ತದಾ?"

ಎದ್ದು ಬಂದದ್ದು ಸರಿ. ಮೊದಲು ಆ 19.99ರ ಲೆಕ್ಕ ನೋಡು. ನಿನ್ನದು 1.8 ಲೀಟರ್ ಎಂಜಿನ್ ಆದರೆ ಫಿಲ್ಟರ್ ಸೇರಿ 4.4 ಕ್ವಾರ್ಟ್, ಅಂದರೆ ಸುಮಾರು 4.2 ಲೀಟರ್ 0ಡಬ್ಲ್ಯೂ-20 ಅನ್ನೋ ತೆಳು ದರ್ಜೆಯ ಸಿಂಥೆಟಿಕ್ ಎಣ್ಣೆ ಬೇಕು. ನೀನೇ ಅಂಗಡಿಗೆ ಹೋಗಿ 5 ಕ್ವಾರ್ಟಿನ ಕ್ಯಾನ್ ತಂದರೂ ಇಪ್ಪತ್ತೈದು ಮೂವತ್ತು ಡಾಲರ್, ಫಿಲ್ಟರಿಗೆ ಹತ್ತರ ಹತ್ತಿರ. ಅದರ ಮೇಲೆ ಕೂಲಿ, ಬಾಡಿಗೆ. ಹಂಗಿದ್ದಮೇಲೆ 19.99ಕ್ಕೆ ಮಾಡಿಕೊಡೋನು ಯಾವ ಪುಣ್ಯಕ್ಕೆ ಮಾಡ್ತಾನೆ? ಆ ಬೋರ್ಡು ಸಾದಾ ಎಣ್ಣೆಗೆ. ಸಿಂಥೆಟಿಕ್ ಅಂದಕೂಡಲೇ ದರ ಏರುತ್ತೆ, ಹಳೇ ಎಣ್ಣೆ ವಿಲೇವಾರಿಗೆ ಅಂತ ಒಂದು ಫೀ. ಉಳಿದ ಲಾಭ ಏರ್ ಫಿಲ್ಟರ್ ಥರ ಮೇಲಿಂದ ಹೇರೋ ಕೆಲಸಗಳಲ್ಲಿ. ಆದ್ದರಿಂದ ಫೋನ್ ಮಾಡಿದಾಗ "ಆಯಿಲ್ ಚೇಂಜಿಗೆ ಎಷ್ಟು" ಅಂತಷ್ಟೇ ಕೇಳಬೇಡ. ಕಾರು ಯಾವುದು, ಯಾವ ವರ್ಷದ್ದು, ಯಾವ ಎಣ್ಣೆ ಅಂತ ಹೇಳಿ, ಫಿಲ್ಟರ್, ಟ್ಯಾಕ್ಸ್, ಫೀ ಎಲ್ಲ ಸೇರಿ ಕೊನೆಗೆ ನನ್ನ ಕೈಯಿಂದ ಎಷ್ಟು ಹೋಗುತ್ತೆ ಅಂತ ಕೇಳು. ಅರವತ್ತರಿಂದ ತೊಂಬತ್ತರೊಳಗೆ ಹೇಳಿದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಈ ಬೇ ಏರಿಯಾದಲ್ಲಿ ಅದನ್ನೇ ಅಗ್ಗ ಅಂದುಕೋ. ಶೋರೂಮು ಯಾವಾಗಲೂ ದುಬಾರಿ ಅಂತಲೂ ಇಲ್ಲ, ಕೂಪನ್ ಇದ್ದ ತಿಂಗಳು ಅವರೂ ಇದೇ ದರಕ್ಕೆ ಇಳೀತಾರೆ.

ಇನ್ನು ನಂಬಿಕೆಯ ಮಾತು. ನಮ್ಮಪ್ಪನದು ಸಂಡೂರಿನಿಂದ ಅದಿರು ಸಾಗಿಸೋ ಲಾರಿ. ಹೊಸಪೇಟೆ ರೋಡಿನ ಮಿಸ್ತ್ರಿ ಹತ್ತಿರ ಗಾಡಿ ಬಿಟ್ಟರೆ ಅಪ್ಪ ಎದುರಿಗೇ ಟೈರಿನ ಮೇಲೆ ಕೂತಿರೋರು. ಡಬ್ಬಿಯ ಸೀಲ್ ಒಡೆಯೋದು ಕಣ್ಣ ಮುಂದೆ. ಕಳಚಿದ ಹಳೇ ಸಾಮಾನು ಪೇಪರಿನಲ್ಲಿ ಸುತ್ತಿ ಮನೆಗೆ. ಮಿಸ್ತ್ರಿಗೂ ಅದರಲ್ಲಿ ಬೇಜಾರಿರಲಿಲ್ಲ, ಗಾಡಿ ಮಾಲೀಕ ಕೂರೋದೇ ಪದ್ಧತಿ. ಹೊಸ ಮಿಸ್ತ್ರಿ ಬೇಕಾದರೆ ಆಟೋದವರು ಎಲ್ಲಿ ಬಿಡ್ತಾರೆ ಅಂತ ನೋಡೋರು. ಗಾಡಿ ಒಂದು ದಿನ ನಿಂತರೆ ಒಲೆ ಹೊತ್ತದವರು ಸುಮ್ಮಸುಮ್ಮನೆ ಒಂದು ಗ್ಯಾರೇಜಿಗೆ ಹೋಗಲ್ಲ.

ಈ ಬುದ್ಧಿ ಇಲ್ಲೂ ನಡೆಯುತ್ತೆ. ಊಬರ್ ಹತ್ತಿದಾಗ ಡ್ರೈವರನ್ನ ಕೇಳು, ಅವನು ಎಲ್ಲಿ ಎಣ್ಣೆ ಬದಲಿಸ್ತಾನೆ ಅಂತ. ಗ್ಯಾರೇಜಿನ ಮುಂದೆ ಹದಿನೈದು ವರ್ಷದ ಕ್ಯಾಮ್ರಿ, ಪ್ರಿಯಸ್‌ಗಳು ಸಾಲಾಗಿ ನಿಂತಿದ್ದರೆ ಅದು ಒಳ್ಳೇ ಲಕ್ಷಣ. ಹಳೇ ಗಾಡಿಯವರು ಕಾಸು ಎಣಿಸಿ ಕೊಡೋ ಜನ. ಅಪ್ಪನ ಹಂಗೆ ಪಕ್ಕದಲ್ಲೇ ಕೂರೋಕೆ ಮಾತ್ರ ಬಿಡಲ್ಲ, ಇನ್ಶೂರೆನ್ಸ್ ಕಾರಣ ಹೇಳ್ತಾರೆ. ಆದರೆ ಅಪ್ಪ ಕೂತು ವಸೂಲಿ ಮಾಡಿಕೊಳ್ತಿದ್ದುದನ್ನ ಕ್ಯಾಲಿಫೋರ್ನಿಯಾದಲ್ಲಿ ಕಾಯ್ದೆ ಮಾಡಿಟ್ಟಿದ್ದಾರೆ. ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಅಂತ ರಾಜ್ಯದ್ದೇ ಇಲಾಖೆ ಇದೆ, ರಿಪೇರಿ ಗ್ಯಾರೇಜುಗಳು ಅಲ್ಲಿ ನೋಂದಣಿ ಮಾಡಿಸಿರಬೇಕು. ಕೆಲಸಕ್ಕೆ ಮುಂಚೆ ಎಸ್ಟಿಮೇಟ್ ಬರೆದು ಕೊಡಬೇಕು, ನೀನು ಒಪ್ಪದೆ ಅದಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಗಾಡಿ ಬಿಡುವಾಗಲೇ ಹಳೇ ಪಾರ್ಟ್ ವಾಪಸ್ ಬೇಕು ಅಂತ ಹೇಳಿದರೆ ಕೊಡಬೇಕು. ಗ್ಯಾರೇಜಿನ ಹೆಸರು ಹಾಕಿ ಇಲಾಖೆಯ ಸೈಟಿನಲ್ಲಿ ಹುಡುಕಿದರೆ ನೋಂದಣಿ ಚಾಲ್ತಿಯಲ್ಲಿದೆಯಾ, ಶಿಸ್ತು ಕ್ರಮ ಏನಾದರೂ ಆಗಿದೆಯಾ ಗೊತ್ತಾಗುತ್ತೆ. ಇದನ್ನ ಯಾರೂ ನೋಡಲ್ಲ. ಎಲ್ಲರೂ ಸ್ಟಾರ್ ಎಣಿಸ್ತಾ ಕೂರ್ತಾರೆ.

ಗೋಡೆ ಮೇಲೆ ಎಎಸ್‌ಇ ಅಂತ ಗುರುತು ಕಂಡರೆ ಅದು ಗ್ಯಾರೇಜಿಗೆ ಕೊಟ್ಟ ಪ್ರಶಸ್ತಿ ಅಲ್ಲ. ಮಿಸ್ತ್ರಿ ಪರೀಕ್ಷೆ ಬರೆದು ಪಾಸಾಗಿದ್ದಾನೆ ಅಂತ, ಐದು ವರ್ಷಕ್ಕೊಮ್ಮೆ ಮತ್ತೆ ಪಾಸಾಗಬೇಕು. ಇದ್ದರೆ ಒಳ್ಳೇದು. ನಿನ್ನ ಗಾಡಿಗೆ ಕೈ ಹಾಕೋನು ಅವನೇನಾ ಅನ್ನೋದು ಬೇರೆ ಮಾತು.

ನನ್ನ ಅಭಿಪ್ರಾಯ ಕೇಳಿದರೆ, ಹತ್ತು ನಿಮಿಷದ ಆಯಿಲ್ ಚೇಂಜ್ ಅಂಗಡಿ ಬಿಟ್ಟು ಎಲ್ಲ ರಿಪೇರಿ ಮಾಡೋ ಸಣ್ಣ ಗ್ಯಾರೇಜಿಗೆ ಹೋಗು, ಹತ್ತು ಡಾಲರ್ ಜಾಸ್ತಿ ಆದರೂ ಪರವಾಗಿಲ್ಲ. ನಾಳೆ ಬ್ರೇಕು, ವಾಟರ್ ಪಂಪು ಅಂತ ಸಾವಿರಗಟ್ಟಲೆ ಖರ್ಚು ಬಂದಾಗ ಯಾರನ್ನ ನಂಬಬೇಕು ಅನ್ನೋದನ್ನ ಈಗಲೇ ಕಡಿಮೆ ದುಡ್ಡಿನಲ್ಲಿ ಪರೀಕ್ಷೆ ಮಾಡಿಟ್ಟುಕೊಂಡಂಗೆ. ಪರೀಕ್ಷೆ ಹೆಂಗೆ ಅಂದರೆ, ಹೋಗೋ ಮುಂಚೆ ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿಯ ಎರಡು ಕ್ಲಿಪ್ ಬಿಚ್ಚಿ ಫಿಲ್ಟರ್ ನೋಡಿಕೋ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೋ. ಶುಭ್ರವಾಗಿರೋ ಫಿಲ್ಟರನ್ನ ಯಾರು ಕೆಟ್ಟಿದೆ ಅಂತಾರೋ ಅವರ ಹತ್ತಿರ ಬ್ರೇಕಿಗೆ ಹೋಗಬೇಡ. ಹೇವರ್ಡಿನಲ್ಲಿ ನಾನು ಹೋಗೋ ಗ್ಯಾರೇಜಿನ ಮುದುಕ ಮೊದಲ ಸಲ ನನ್ನ ಫಿಲ್ಟರ್ ಹೊರಗೆ ತೆಗೆದ, ಟ್ಯೂಬ್‌ಲೈಟಿಗೆ ಅಡ್ಡ ಹಿಡಿದ, ಮಡಿಕೆ ಮಡಿಕೆ ನಡುವೆ ಬೆಳಕು ತೂರೋದನ್ನ ನನಗೇ ತೋರಿಸಿದ, "ಮುಂದಿನ ವರ್ಷ ನೋಡೋಣ" ಅಂತ ವಾಪಸ್ ಹಾಕಿ ಕ್ಲಿಪ್ ಒತ್ತಿದ. ಆಮೇಲೆ ನಮ್ಮ ಮನೆಯ ಎರಡು ಕಾರೂ ಅಲ್ಲೇ. ಸಂಡೂರಿನ ಕೆಂಪು ಧೂಳಿಗೆ ಪದೇಪದೇ ಹವಾ ಹೊಡೆಸ್ತಿದ್ದ ನಮಗೆ ಇಲ್ಲಿಯ ಫಿಲ್ಟರ್ ನೋಡಿದರೆ ನಗು ಬರಬೇಕು. ಎಸಿ ಗಾಳಿಯ ಕ್ಯಾಬಿನ್ ಫಿಲ್ಟರ್ ಅಂತೂ ಗ್ಲವ್ ಬಾಕ್ಸ್ ಹಿಂದೆ ಇರುತ್ತೆ. ಸ್ಕ್ರೂಡ್ರೈವರೂ ಬೇಡ, ಹದಿನೈದು ಡಾಲರಿನ ಸಾಮಾನು ತಂದು ನೀನೇ ಹಾಕಿಕೋ.

"ಎಣ್ಣೆ ಕರ್ರಗಾಗಿದೆ ನೋಡಿ" ಅಂತ ಬಿಳಿ ಬಟ್ಟೆಗೆ ಒರೆಸಿ ತೋರಿಸಿದರೂ ಗಾಬರಿ ಬೀಳಬೇಡ. ಎಂಜಿನ್ನಿನ ಮಸಿ ಹಿಡಿದಿಟ್ಟುಕೊಳ್ಳೋದೂ ಎಣ್ಣೆಯ ಕೆಲಸವೇ. ಬಣ್ಣ ನೋಡಿ ಆಯುಷ್ಯ ಹೇಳೋಕೆ ಆಗಲ್ಲ.

ನಿಮ್ಮ ಮಾವ ಫೋನಿನಲ್ಲಿ "ನೀರಿನಂಗಿರೋ ಎಣ್ಣೆ ಹಾಕಿಸಬ್ಯಾಡ, ಬಿಸಿಲಿಗೆ ಎಂಜಿನ್ ಹಿಡೀತದ" ಅಂದರಂತೆ. ನಮ್ಮ ಲಾರಿಗೆ ಹಾಕ್ತಿದ್ದುದು 15ಡಬ್ಲ್ಯೂ-40 ಅನ್ನೋ ದಪ್ಪ ಎಣ್ಣೆ, ಅದು ಡೀಸೆಲ್ ಎಂಜಿನ್ನಿನ ಲೆಕ್ಕ. ನಿನ್ನ ಎಂಜಿನ್ನಿನ ಸಂದುಗಳನ್ನೂ ಆಯಿಲ್ ಪಂಪನ್ನೂ ತೆಳು ಎಣ್ಣೆಗೇ ಅಂತ ಮಾಡಿದ್ದಾರೆ. ಓನರ್ಸ್ ಮ್ಯಾನುಯಲ್ಲಿನಲ್ಲಿ 0ಡಬ್ಲ್ಯೂ-20 ಅಂತಿದ್ದರೆ ಅದನ್ನೇ ಹಾಕಿಸು, ಡಬ್ಬಿ ಮೇಲೆ ಎಪಿಐ ಅನ್ನೋ ದುಂಡು ಗುರುತು ಇರಲಿ. ಬ್ರ್ಯಾಂಡಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಗಾಜಿಗೆ ಅಂಟಿಸೋ ಸ್ಟಿಕ್ಕರಿನಲ್ಲಿ 3,000 ಮೈಲಿಗೆ ಮತ್ತೆ ಬನ್ನಿ ಅಂತ ಬರೀತಾರೆ, ಅದನ್ನ ಕಿತ್ತುಹಾಕು. ಈ ಎಣ್ಣೆಗೆ ಟೊಯೋಟಾ ಹೇಳೋದು 10,000 ಮೈಲಿ ಅಥವಾ 12 ತಿಂಗಳು. ಧೂಳಿನ ರಸ್ತೆ, ಹೆಪ್ಪುಗಟ್ಟೋ ಚಳಿಯಲ್ಲಿ ಪದೇಪದೇ ಚಿಕ್ಕ ಓಡಾಟ ಇದ್ದರೆ 5,000.

ವಾರಂಟಿ ಹೋಗಲ್ಲ. 1975ರಿಂದ ಮ್ಯಾಗ್ನುಸನ್-ಮಾಸ್ ಅನ್ನೋ ಕೇಂದ್ರದ ಕಾಯ್ದೆ ಇದೆ, ನಮ್ಮಲ್ಲೇ ಸರ್ವಿಸ್ ಮಾಡಿಸಿದರೆ ಮಾತ್ರ ವಾರಂಟಿ ಅನ್ನೋ ಷರತ್ತು ಕಂಪನಿ ಹಾಕೋ ಹಾಗಿಲ್ಲ, ಪುಕ್ಕಟೆ ಮಾಡಿಕೊಟ್ಟರೆ ಮಾತು ಬೇರೆ. ನಿನ್ನ ಕಾರಿನ ಎಂಜಿನ್ ವಾರಂಟಿ 5 ವರ್ಷ ಅಥವಾ 60,000 ಮೈಲಿ, ಯಾವುದು ಮೊದಲೋ ಅದು. ಅಲ್ಲಿವರೆಗೆ ಪ್ರತಿ ರಸೀದಿಯಲ್ಲೂ ತಾರೀಖು, ಎಷ್ಟು ಮೈಲಿ ಓಡಿದೆ, ಯಾವ ಎಣ್ಣೆ ಅನ್ನೋದು ಬರೆದಿದೆಯಾ ನೋಡಿ ಫೋಟೋ ತೆಗೆದಿಡು. ಜಗಳ ಬಂದರೆ ಬಾಯಿ ಮಾತಿಗೆ ಇಲ್ಲಿ ಬೆಲೆ ಇಲ್ಲ.

ನಾನೇ ಬದಲಿಸಲಾ ಅಂತಲೂ ಕೇಳಿದ್ದೆ. ಕೆಲಸ ಕಷ್ಟ ಅಲ್ಲ, ಜಾಗದ್ದೇ ಸಮಸ್ಯೆ. ಬಹಳ ಅಪಾರ್ಟ್‌ಮೆಂಟುಗಳ ಕರಾರಿನಲ್ಲಿ ಪಾರ್ಕಿಂಗಿನಲ್ಲಿ ರಿಪೇರಿ ಮಾಡಬಾರದು ಅಂತ ಇರುತ್ತೆ, ಮೊದಲು ಓದು. ಹಳೇ ಎಣ್ಣೆ ಚರಂಡಿಗೆ ಸುರಿಯೋದು ಇಲ್ಲಿ ಅಪರಾಧ. ನಮ್ಮೂರಲ್ಲಾದರೆ ಸೆಂಟ್ರಿಂಗ್ ಕೆಲಸದವರು ಹಲಗೆಗೆ ಬಳಿಯೋಕೆ ಕ್ಯಾನ್ ಹಿಡ್ಕೊಂಡು ಬರೋರು. ಇಲ್ಲಿ ಬಿಡಿಭಾಗ ಮಾರೋ ಆಟೋಝೋನ್, ಓ'ರೈಲಿ ಥರದ ಅಂಗಡಿಗಳಲ್ಲಿ ಪುಕ್ಕಟೆ ತಗೊಳ್ತಾರೆ.

ಗ್ಯಾರೇಜಿನಿಂದ ಹೊರಗೆ ಬಂದ ಕೂಡಲೇ ಹೈವೇ ಹತ್ತಬೇಡ. ಸಮತಟ್ಟಾದ ಕಡೆ ನಿಲ್ಲಿಸಿ ಎಂಜಿನ್ ಆರಿಸು, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಹಾಕಿ ನೋಡು. ಎಣ್ಣೆ ಎರಡು ಗುರುತಿನ ನಡುವೆ, ಮೇಲಿನದಕ್ಕೆ ಹತ್ತಿರ ಇರಬೇಕು. ಕಡಿಮೆ ಇದ್ದರೆ ಎಷ್ಟು ಅಪಾಯವೋ ಮೇಲಿನ ಗುರುತು ದಾಟಿದರೂ ಒಳ್ಳೇದಲ್ಲ. ಬಗ್ಗಿ ಕೆಳಗೆ ನೋಡು, ಎಣ್ಣೆ ಇಳಿಸೋ ಚೇಂಬರ್ ನಟ್ಟಿನ ಹತ್ತಿರ ಹನಿ ಕಂಡರೆ ಅಲ್ಲಿಂದಲೇ ವಾಪಸ್ ತಿರುಗು. ಹಳೇ ವಾಶರನ್ನೇ ಮತ್ತೆ ಹಾಕಿರ್ತಾರೆ, ಇಲ್ಲ ನಟ್ ಸರಿಯಾಗಿ ಬಿಗಿ ಮಾಡಿರಲ್ಲ. ಮರುದಿನ ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ನೆಲ ಇನ್ನೊಂದು ಸಲ ನೋಡಿಬಿಡು.

ಹೇವರ್ಡಿನ ಮುದುಕನ ನಂಬರ್ ಫೋನ್ ಮಾಡಿದಾಗ ಕೊಡ್ತೀನಿ. ಶನಿವಾರ ಹೋಗಬೇಡ, ಅಂದು ಜನ ಜಾಸ್ತಿ, ಅವನೂ ಸಿಡುಕ್ತಾನೆ. ವಾರದ ನಡುವೆ ಮನೆಯಿಂದ ಕೆಲಸ ಮಾಡೋ ದಿನ ಬೆಳಿಗ್ಗೆ ಎಂಟಕ್ಕೇ ಹೋಗು, ಲ್ಯಾಪ್‌ಟಾಪ್ ತಗೊಂಡು ಹೋಗು, ಅಲ್ಲಿ ವೈಫೈ ಇಲ್ಲ.