ಮಂಗಳವಾರದ ಅಳುವಿಗೆ ಶನಿವಾರವೇ ಸಿದ್ಧತೆ

ಹೆಸರು ಬೇಡವೆಂದ ಮೈಸೂರಿನ ಓದುಗರೊಬ್ಬರ ಪತ್ರದ ಸಾರ: ಮದುವೆಯಾಗಿ ಆರು ವರ್ಷ. ಇಬ್ಬರೂ ಮಾತಾಡಿ ಒಪ್ಪಿಕೊಂಡ ಬಿಡಿಎಸ್‌ಎಂ ಸಂಬಂಧ, ಅಂದರೆ ಕಟ್ಟುವ, ಆಳುವ, ನೋವು ಕೊಡುವ ಆಟಗಳದ್ದು. ಇವರು ಡಾಮ್ (ಆಟ ನಡೆಸುವವರು), ಗಂಡ ಸಬ್ (ಒಳಗಾಗುವವರು). ಶನಿವಾರ ರಾತ್ರಿ ಸೀನ್, ಅಂದರೆ ಆ ಆಟದ ಒಂದು ಸರದಿ, ಮುಗಿದ ಮೇಲೆ ಹಗ್ಗ ಬಿಚ್ಚಿ, ಹೊದಿಕೆ ಹೊದಿಸಿ, ಜ್ಯೂಸ್ ಕುಡಿಸಿ ಗಂಡನನ್ನು ಮಲಗಿಸುತ್ತಾರೆ. ಆಮೇಲೆ ಇವರಿಗೆ ನಿದ್ದೆ ಇಲ್ಲ. ಮಂಗಳವಾರ ಪಾತ್ರೆ ತೊಳೆಯುವಾಗ ಇದ್ದಕ್ಕಿದ್ದಂತೆ ಅಳು. ‘ಗಂಡನ ಮೇಲೆ ಕೈ ಮಾಡಿದವಳು ನಾನು’ ಎಂಬ ಕೊರಗು. ‘ನೋಡಿಕೊಳ್ಳಬೇಕಾದವಳೇ ಆರೈಕೆ ಕೇಳುವುದು ಹೇಗೆ? ಹೇಳಿದರೆ ಅವರು ಎಲ್ಲ ನಿಲ್ಲಿಸಿಬಿಡೋಣ ಅಂತಾರೆ. ಅದೂ ನನಗೆ ಬೇಡ.’

ಸಂಪಾದಕರ ಉತ್ತರ:

ನಿಮಗೆ ಆಗುತ್ತಿರುವುದಕ್ಕೆ ಬಲ್ಲವರು ‘ಡಾಮ್ ಡ್ರಾಪ್’ ಎನ್ನುತ್ತಾರೆ. ಸೀನ್ ನಡೆಯುವಾಗ ನಿಮ್ಮ ಗಮನವೆಲ್ಲ ಗಂಡನ ಉಸಿರು, ಬೆರಳಿನ ಬಣ್ಣ, ಹಗ್ಗದ ಬಿಗಿ, ದನಿಯ ಏರಿಳಿತದ ಮೇಲೆ. ಒಂದು ಕ್ಷಣವೂ ಕಣ್ಣು ತಪ್ಪಿಸುವಂತಿಲ್ಲ. ಆ ಬಿಗಿ ಕಳಚಿದಾಗ ಮನಸ್ಸು ಕುಸಿಯುತ್ತದೆ. ಕೆಲವರಿಗೆ ಅದೇ ರಾತ್ರಿ, ಹಲವರಿಗೆ ಎರಡು ಮೂರು ದಿನ ಬಿಟ್ಟು. ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವ ರೂಢಿ ಇದೆ. ನಮಗದು ಪೂರ್ತಿ ಒಪ್ಪಿಗೆಯಿಲ್ಲ. ಅಮೆರಿಕದ ಮನೋವಿಜ್ಞಾನಿ ಬ್ರ್ಯಾಡ್ ಸಗಾರಿನ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿದ್ದು ಸಬ್ ಪಾತ್ರದವರಲ್ಲಿ. ಡಾಮ್‌ಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ನಿಮ್ಮ ವಿಷಯದಲ್ಲಿ ದಣಿವಿನ ಜೊತೆ, ಚಿಕ್ಕಂದಿನಿಂದ ಕೇಳಿಸಿಕೊಂಡ ಮಾತೂ ಕೆಲಸ ಮಾಡುತ್ತಿದೆ. ಒಪ್ಪಿಗೆಯಿಂದ ನಡೆದದ್ದನ್ನೂ ಹೊಡೆತವನ್ನೂ ಮನಸ್ಸು ಒಂದೇ ಡಬ್ಬಿಗೆ ಹಾಕುತ್ತಿದೆ.

ನಿಮ್ಮ ಪತ್ರದಲ್ಲಿ ನಮಗೆ ಕಂಡ ದೋಷ ಒಂದೇ. ನಿಮ್ಮ ಮನೆಯಲ್ಲಿ ಆಫ್ಟರ್‌ಕೇರ್‌ಗೆ, ಅಂದರೆ ಸೀನಿನ ನಂತರದ ಆರೈಕೆಗೆ, ಒಂದೇ ಪಾಳಿ ಇದೆ. ಎರಡು ಬೇಕು. ಮೊದಲ ಅರ್ಧ ಗಂಟೆ ಅವರದು, ಅದು ಸರಿಯೇ. ಅವರಿಗೆ ಚಳಿ, ನಡುಕ, ಮಂಪರು ತಕ್ಷಣ ಬರುತ್ತದೆ. ಆದರೆ ನಿದ್ದೆಗೆ ಜಾರುವ ಮುಂಚೆ ಹತ್ತು ನಿಮಿಷ ಅವರು ನಿಮಗೆ ಕೊಡಬೇಕು. ಎದ್ದು ಕೂರಬೇಕೆಂದಿಲ್ಲ, ಕೈ ಹಿಡಿದು ಮಾತಾಡಿದರೆ ಸಾಕು. ಏನು ಮಾತು? ‘ಚೆನ್ನಾಗಿತ್ತು’ ಎಂಬುದು ಕೆಲಸಕ್ಕೆ ಬಾರದು. ‘ನೀನು ಮಣಿಕಟ್ಟು ಕಟ್ಟಿದಾಗ ನನಗೆ ಬೇಕಾಗಿದ್ದದ್ದೇ ಅದು’ ಎಂಬಂತೆ ನಿರ್ದಿಷ್ಟವಾಗಿರಬೇಕು. ನಿಮ್ಮ ಕೊರಗು ಇರುವುದು ನಿರ್ದಿಷ್ಟ ಕ್ಷಣಗಳ ಬಗ್ಗೆ, ಉತ್ತರವೂ ಅಲ್ಲಿಗೇ ತಲುಪಬೇಕು. ಮಂಪರಿನಲ್ಲಿ ಮಾತು ಹೊರಡದಿದ್ದರೆ ಬೆಳಿಗ್ಗೆ ಎರಡು ಸಾಲು ಬರೆದಿಡಲಿ. ಮಂಗಳವಾರ ಓದಿಕೊಳ್ಳಲು ಅದೇ ಹೆಚ್ಚು ಉಪಯೋಗ.

ಇನ್ನು ಮೈ. ಸೀನಿಗೆ ಒಂದೂವರೆ, ಎರಡು ಗಂಟೆ ಮೊದಲು ಹಿತಮಿತವಾಗಿ ಊಟ ಮಾಡಿ. ಖಾಲಿ ಹೊಟ್ಟೆಯಲ್ಲಿ ಶುರು ಮಾಡಿ ಆಮೇಲೆ ಸುಸ್ತನ್ನೇ ಪಶ್ಚಾತ್ತಾಪ ಎಂದು ತಿಳಿಯುವವರು ಬಹಳ. ಅವರಿಗೆ ಜ್ಯೂಸ್ ತರುವಾಗ ಎರಡು ಲೋಟ ತನ್ನಿ. ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು ಆದೀತು, ಜೊತೆಗೊಂದು ಬಾಳೆಹಣ್ಣು. ಹೊದಿಕೆಯೂ ಎರಡಿರಲಿ. ಅವರ ಮೈಮೇಲಿನ ಗುರುತು ನೋಡಿದಂತೆ ನಿಮ್ಮ ಮಣಿಕಟ್ಟು, ಭುಜ, ಸೊಂಟವನ್ನೂ ನೋಡಿಕೊಳ್ಳಿ. ನೋವಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ. ಹಗ್ಗ ಸುತ್ತಿಡುವುದು, ಪಾತ್ರೆ, ನೆಲ ಎಲ್ಲ ಬೆಳಿಗ್ಗೆಗೆ, ಅದೂ ಇಬ್ಬರೂ ಸೇರಿ. ರಾತ್ರಿ ಒಬ್ಬರೇ ಎತ್ತಿಡುತ್ತಾ ಕುಳಿತರೆ ಸಾಕ್ಷ್ಯ ಅಳಿಸುವವರ ಹಾಗೆ ಅನ್ನಿಸದೆ ಇರುತ್ತದೆಯೇ? ಮದ್ಯ ಬೇಡ, ನಿದ್ದೆ ಬಂದಂತೆ ಮಾಡಿ ನಡುರಾತ್ರಿ ಎಬ್ಬಿಸುತ್ತದೆ.

ಆ ರಾತ್ರಿ ವಿಮರ್ಶೆಯೂ ಬೇಡ. ಗಾಯ, ಮರಗಟ್ಟಿದ ಬೆರಳು, ಉಸಿರಿನ ತೊಂದರೆ ಇದ್ದರೆ ಮಾತ್ರ ತಕ್ಷಣ ನೋಡಬೇಕು. ಏನು ಹೆಚ್ಚಾಯಿತು, ಏನು ಕಡಿಮೆಯಾಯಿತು ಎಂಬುದೆಲ್ಲ ಎರಡು ದಿನ ಕಳೆದು, ಬಟ್ಟೆ ತೊಟ್ಟು, ಅಡುಗೆಮನೆಯಲ್ಲೋ ವಾಕಿಂಗಿನಲ್ಲೋ ಮಾತಾಡಿ. ‘ನಿಜವಾಗಿ ಸರಿ ಇದ್ದೀಯಾ?’ ಎಂದು ಹತ್ತು ಸಲ ಕೇಳುವುದು, ಪದೇ ಪದೇ ಕ್ಷಮೆ ಬೇಡುವುದು ಡಾಮ್ ಡ್ರಾಪಿನಲ್ಲಿ ಸಾಮಾನ್ಯ. ಅದರಿಂದ ಅವರಿಗೆ ಇಲ್ಲದ ಅನುಮಾನ ಹುಟ್ಟುತ್ತದೆ, ನಿಮ್ಮದು ತೀರುವುದೂ ಇಲ್ಲ. ಒಮ್ಮೆ ಕೇಳಿ, ಉತ್ತರವನ್ನು ನಂಬಿ. ಕುಸಿತ ಕಳೆಯಲೆಂದು ಮರುದಿನವೇ ಇನ್ನೊಂದು ಸೀನ್ ಮಾಡುವುದೂ ಹಾಗೆಯೇ, ಸಾಲ ತೀರಿಸಲು ಸಾಲ ಮಾಡಿದಂತೆ.

ಅವರು ಸೇಫ್‌ವರ್ಡ್ (ನಿಲ್ಲಿಸಲು ಮೊದಲೇ ಗೊತ್ತುಮಾಡಿಕೊಂಡ ಪದ) ಹೇಳಿದ ರಾತ್ರಿ ನಿಮ್ಮ ಕುಸಿತ ದೊಡ್ಡದಿರುತ್ತದೆ. ‘ಕೆಂಪು’ ಅಂದರು, ನೀವು ನಿಲ್ಲಿಸಿದಿರಿ: ಬ್ರೇಕ್ ಹಿಡಿಯಿತು, ಗಾಡಿ ನಿಂತಿತು. ಅದು ನಿಮ್ಮ ಸೋಲಲ್ಲ, ಅವರು ಅದನ್ನು ಬಾಯಿಬಿಟ್ಟು ಹೇಳಬೇಕು. ಆದರೆ ‘ಕೆಂಪು’ ಅಂದ ಮೇಲೂ ನಿಲ್ಲಿಸದಿದ್ದರೆ, ಒಪ್ಪದ್ದನ್ನು ಮಾಡಿದ್ದರೆ, ಲೆಕ್ಕವೇ ಬೇರೆ. ಆಗ ನಿಮ್ಮ ದುಃಖಕ್ಕೆ ಸಮಾಧಾನ ಹೇಳುವ ಕೆಲಸವನ್ನು ನೋವುಂಡವರ ಮೇಲೆ ಹೊರಿಸುವಂತಿಲ್ಲ. ತಪ್ಪು ಒಪ್ಪಿ, ಸೀನ್‌ಗಳನ್ನು ನಿಲ್ಲಿಸಿ, ನಿಮ್ಮ ಭಾರವನ್ನು ಬೇರೆಡೆ ಇಳಿಸಿಕೊಳ್ಳಬೇಕು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಬೇಸರ, ನಿದ್ದೆಗೇಡು, ಊಟ ಸೇರದಿರುವುದು ಎರಡು ವಾರ ದಾಟಿದರೆ, ಸಾಯುವ ಯೋಚನೆ ಒಮ್ಮೆಯಾದರೂ ಬಂದರೆ, ಇದು ಡ್ರಾಪ್ ಎಂದು ಸುಮ್ಮನಿರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ವೈದ್ಯರು ನಿಮ್ಮ ಇಷ್ಟವನ್ನೇ ರೋಗವೆಂದರೆ, 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ಪಟ್ಟಿಯಲ್ಲಿ ವಯಸ್ಕರ ಪರಸ್ಪರ ಒಪ್ಪಿಗೆಯ ಇಂಥ ನಡೆ ಕಾಯಿಲೆಯಲ್ಲ ಎಂದು ನೆನಪಿಸಿ, ಬೇರೆಯವರನ್ನು ಹುಡುಕಿ.

ಗಂಡನಿಗೆ ಹೇಗೆ ಹೇಳುವುದು? ಅಳು ಬಂದ ಮಂಗಳವಾರವೂ ಬೇಡ, ಸೀನ್ ಮುಗಿದ ಶನಿವಾರವೂ ಬೇಡ. ಗುರುವಾರ ಸಂಜೆ ಕಾಫಿ ಹೊತ್ತಿಗೆ ಇಷ್ಟು ಹೇಳಿ: ‘ನಿಲ್ಲಿಸೋಣ ಅಂತ ಹೇಳ್ತಿಲ್ಲ. ಆಮೇಲೆ ನನಗೂ ಹತ್ತು ನಿಮಿಷ ಬೇಕು, ಮಂಗಳವಾರ ಮಧ್ಯಾಹ್ನ ಒಂದು ಫೋನು ಬೇಕು.’ ಮೊದಲ ವಾಕ್ಯವನ್ನು ಮೊದಲೇ ಹೇಳಿ. ಫೋನಿನ ಹೊತ್ತನ್ನು ಆಗಲೇ ಅವರ ಮೊಬೈಲಿನಲ್ಲಿ ಅಲಾರಂ ಇಡಿಸಿ, ನೆನಪಿಸುವ ಕೆಲಸವೂ ನಿಮ್ಮ ಪಾಲಿಗೆ ಬಾರದಿರಲಿ.