ಬೆನ್ನಿನ ಮಣಿ ಕುಸಿದ ಮೇಲೆ ಮಲಗಿಯೇ ಇರಬೇಕೇ?

ಪ್ರಶ್ನೆ: ನನ್ನ ತಾಯಿಗೆ 69 ವರ್ಷ. ಕಳೆದ ತಿಂಗಳು ತುಂಬಿದ ಕೊಡವನ್ನು ಬಗ್ಗಿ ಎತ್ತುವಾಗ ಬೆನ್ನಿನಲ್ಲಿ ಚಳಕು ಹೊಡೆಯಿತು. ಎಕ್ಸ್-ರೇಯಲ್ಲಿ ಬೆನ್ನುಮೂಳೆಯ ಒಂದು ಮಣಿ ಕುಸಿದಿರುವುದು ಕಂಡುಬಂದಿದೆ. ನೋವು ತಗ್ಗಿದ್ದರೂ ಬಿದ್ದೇನೆಂಬ ಭಯದಿಂದ ಅವರು ಹಾಸಿಗೆ ಬಿಟ್ಟು ಏಳುತ್ತಿಲ್ಲ. ಪರಿಚಿತರೊಬ್ಬರು ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ ಮಾಡಿಸಲು ಹೇಳುತ್ತಾರೆ. ರಾಗಿ, ಹಾಲು ಕೊಟ್ಟರೆ ಸಾಲದೇ?
– ಓದುಗರು, ಶಿವಮೊಗ್ಗ

ಉತ್ತರ: ಆ ಆಸನವನ್ನು ದಯವಿಟ್ಟು ಮಾಡಿಸಬೇಡಿ. ಮುಂದಕ್ಕೆ ಬಗ್ಗಿದಾಗ, ಮೂಳೆ ಸವೆದು ಟೊಳ್ಳಾದ ಮಣಿಯ ಮುಂಭಾಗದ ಮೇಲೆ ಹೊರೆ ಬೀಳುತ್ತದೆ. ಕೊಡ ಎತ್ತುವಾಗ ಆದದ್ದೂ ಅದೇ. ಅಮೆರಿಕದ ಮೇಯೋ ಕ್ಲಿನಿಕ್‌ನಿಂದ 1984ರಲ್ಲಿ ಪ್ರಕಟವಾದ, ಮೂಳೆ ಸವೆದ 59 ಮಹಿಳೆಯರ ಅಧ್ಯಯನದಲ್ಲಿ, ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರ ಪೈಕಿ ಶೇ. 89 ಮಂದಿಗೆ ಮತ್ತೆ ಮಣಿ ಕುಸಿದರೆ, ಬೆನ್ನನ್ನು ಹಿಂದಕ್ಕೆ ಸೆಟೆಸುವ ವ್ಯಾಯಾಮ ಮಾಡಿದವರಲ್ಲಿ ಆ ಪ್ರಮಾಣ ಶೇ. 16 ಮಾತ್ರ ಇತ್ತು. ಅಧ್ಯಯನ ಚಿಕ್ಕದು, ಆದರೂ ಈ ಅಂತರವನ್ನು ಕಡೆಗಣಿಸುವ ಧೈರ್ಯ ನನಗಿಲ್ಲ.

ತಾಯಿಯವರ ಭಯ ಬರಿಯ ಭ್ರಮೆಯಲ್ಲ. ಬೆನ್ನು ಗೂನಾದಂತೆ ದೇಹದ ಭಾರ ಮುಂದಕ್ಕೆ ಸರಿದು ಸಮತೋಲನ ಕೆಡುತ್ತದೆ. ಆದರೆ ಮಲಗಿಯೇ ಇದ್ದರೆ ಮೂಳೆ ಇನ್ನಷ್ಟು ಸವೆದು, ತೊಡೆಯ ಸ್ನಾಯುಗಳು ಸೊರಗಿ, ಬೀಳುವ ಸಾಧ್ಯತೆಯೇ ಹೆಚ್ಚುತ್ತದೆ. ಫಿಸಿಯೋಥೆರಪಿಸ್ಟ್ ಒಬ್ಬರಿಂದ ಕಲಿತು, ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಮನೆಯ ಕಟ್ಟೆಯನ್ನು ಹಿಡಿದು, ಪಕ್ಕದಲ್ಲಿ ನೀವಿರುವಾಗ, ಕೆಲವು ಸೆಕೆಂಡು ಒಂಟಿ ಕಾಲಿನಲ್ಲಿ ನಿಲ್ಲುವುದು, ಇಂಥವನ್ನು ದಿನವೂ ಮಾಡಿಸಿ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ, ರಾತ್ರಿ ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪವಿರಲಿ.

ರಾಗಿ ಒಳ್ಳೆಯದೇ, ಮುದ್ದೆ ಉಂಡು ಬೆಳೆದ ನಾನು ಅದನ್ನು ಅಲ್ಲಗಳೆಯಲಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು. ಆದರೆ ಒಮ್ಮೆ ಮಣಿ ಕುಸಿದ ಮೇಲೆ ಆಹಾರವಷ್ಟೇ ಸಾಲದು. ಹೊಸದಾಗಿ ಮಣಿ ಕುಸಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಇನ್ನೊಂದು ಕುಸಿಯುತ್ತದೆ. ಆದ್ದರಿಂದ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮತ್ತು ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಕುಸಿತಕ್ಕೆ ಕ್ಷಯ, ಗಡ್ಡೆ ಮೊದಲಾದವು ಕಾರಣವಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡು ಔಷಧ ಆರಂಭಿಸಿ. ಮೂಳೆ ಸವೆತ ತಡೆಯುವ, ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟರೆ, ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಕಾಫಿಯನ್ನೂ ಕುಡಿಯದೆ, ಮಲಗದೆ ಇರಬೇಕು. ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಕಾಲುಗಳಲ್ಲಿ ಬಲ ಕುಂದಿದರೆ ಅಥವಾ ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.